ಇನ್ನೊಂದು ಮರಿ ತಂದರೆ ಕಾಯಿಲೆ ಹೋಗುತ್ತದೆಯೆ?

ರೈತರ ಮನೆ ನಾಯಿ ಕಾಯಿಲೆ ಬಿದ್ದರೆ ಸುತ್ತಲಿನವರು ಹೇಳುವ ಮಾತು ಒಂದೇ. "ಅದನ್ನ ಬಿಟ್ಟಾಕು, ಇನ್ನೊಂದು ಮರಿ ತಂದ್ಕೊ." ಈ ಮಾತು ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ದಯೆ, ದಾಕ್ಷಿಣ್ಯದ ಮಾತು ಪಕ್ಕಕ್ಕಿರಲಿ. ಬರೀ ಲೆಕ್ಕ ಹಾಕಿ ನೋಡಿದರೂ ಇದು ತಪ್ಪು.

ನಮ್ಮದು ಯಲಹಂಕದ ಪಕ್ಕದ ಕೋಗಿಲು. 2007ರಲ್ಲಿ ಬೃಹತ್ ಬೆಂಗಳೂರು ಆದ ಮೇಲೆ ಸುತ್ತಮುತ್ತ ಮನೆಗಳು ಎದ್ದು ಹೊಲಗಳು ತುಂಡಾಗಿವೆ. ಉಳಿದ ತುಂಡಿನಲ್ಲಿ ಮಳೆ ನಂಬಿ ರಾಗಿ, ಅವರೆ ಹಾಕುತ್ತೇವೆ. ಗಟ್ಟಿ ಬೇಲಿ ಇಲ್ಲ. ಅವರೆಕಾಯಿ ಬಲಿತ ಕಾಲದಲ್ಲಿ ರಾತ್ರಿ ಕಾಯುವುದು ನಾಯಿಯೇ. ಆಳಿಟ್ಟು ಕಾಯಿಸಿದರೆ ಕಾಯಿ ಮಾರಿದ ದುಡ್ಡು ಕೂಲಿಗೇ ಸರಿಹೋಗುತ್ತದೆ.

ನಮ್ಮ ಕರಿಯ ನಾಲ್ಕು ವರ್ಷದ ನಾಟಿ ನಾಯಿ, ತೂಕ 20 ಕಿಲೋ. ಯುಗಾದಿ ಕಳೆದ ಮೇಲೆ ಒಮ್ಮೆ ಊಟ ಬಿಟ್ಟ, ಮೈ ಕಾದಿತ್ತು. ಸೂಜಿ ಹಾಕಿಸಿದೆವು, ಸರಿಹೋದ. ತಿಂಗಳು ಕಳೆದು ಮುಂಗಾಲು ಕುಂಟಿದ. ಮತ್ತೆ ಸೂಜಿ, ಮತ್ತೆ ಸರಿ. ಆಮೇಲೆ ಕಣ್ಣಲ್ಲಿ ಪಿಸುರು, ಮೈ ಇಳಿಯಿತು. ಒಬ್ಬರು ವಿಷ ಹಾಕಿದ್ದಾರೆ ಎಂದರು, ಇನ್ನೊಬ್ಬರು ದೃಷ್ಟಿ ಎಂದರು. ಹುಚ್ಚು ಹಿಡಿದಿದೆ, ಹೊಡೆದುಹಾಕಿ ಎಂದವರೂ ಇದ್ದಾರೆ. ಹುಚ್ಚಿನ ಲಕ್ಷಣ ಕಾಣಿಸಿದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಕಾಯಿಲೆ ಹುಚ್ಚಲ್ಲ. (ಆದರೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ತಪ್ಪಿಸಬಾರದು.)

ದೀಪಾವಳಿ ಹೊತ್ತಿಗೆ ಮೂಗಿನಲ್ಲಿ ರಕ್ತ ಬಂತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ದೆವು. ರಕ್ತ ತೆಗೆದು ನೋಡಿದರು. ರಕ್ತ ಹೆಪ್ಪುಗಟ್ಟಿಸುವ ಕಣ, ಪ್ಲೇಟ್‌ಲೆಟ್ ಅನ್ನುತ್ತಾರಲ್ಲ, ಅದು ಎರಡು ಲಕ್ಷಕ್ಕೆ ಕಡಿಮೆ ಇರಬಾರದಂತೆ. ಕರಿಯನಿಗೆ 38 ಸಾವಿರ ಇತ್ತು. ಉಣ್ಣೆ ಹುಳುವಿನಿಂದ ಬರುವ ಜ್ವರ. ಹೆಸರು ಎರ್ಲಿಕಿಯಾ.

ಈ ಕಾಯಿಲೆ ಒಗಟಾಗುವುದು ಅದರ ನಡೆಯಿಂದ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರಕ್ಕೆ ಜ್ವರ ಬರುತ್ತದೆ. ಕೆಲವು ವಾರಕ್ಕೆ ತಾನೇ ಇಳಿಯುತ್ತದೆ. ನಾಯಿ ತಿಂದುಂಡು ಓಡಾಡಿಕೊಂಡಿರುತ್ತದೆ, ರೋಗಾಣು ಒಳಗೇ ಇರುತ್ತದೆ. ತಿಂಗಳೋ ವರ್ಷವೋ ಕಳೆದು ಮತ್ತೆ ಎದ್ದಾಗ ರಕ್ತ ಹುಟ್ಟುವ ಮೂಳೆಯ ನೆಣವೇ ಸೋತಿರುತ್ತದೆ. ಆಮೇಲೆ ಉಳಿಸುವುದು ಕಷ್ಟ. ಈ ರೋಗವನ್ನು ಮೊದಲು ಗುರುತಿಸಿದ್ದು 1935ರಲ್ಲಿ ಅಲ್ಜೀರಿಯಾ ದೇಶದಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ನಾಯಿಗಳು ನೂರಾರು ಸಂಖ್ಯೆಯಲ್ಲಿ ಇದಕ್ಕೆ ಸಿಕ್ಕಿದವು. ಎಲ್ಲ ಅನುಕೂಲ ಇದ್ದ ಸೈನ್ಯಕ್ಕೇ ಹೀಗಾದರೆ ನಮ್ಮ ಹಟ್ಟಿ ನಾಯಿ ಯಾವ ಲೆಕ್ಕ!

ಉಣ್ಣೆ ತರುವುದು ಇದೊಂದೇ ಅಲ್ಲ. ಬೆಬಿಸಿಯಾ ಎಂಬ ಇನ್ನೊಂದಿದೆ. ಅದರ ಒಂದು ಜಾತಿಯನ್ನು 1910ರಲ್ಲಿ ನಮ್ಮ ಪಕ್ಕದ ಮದರಾಸಿನ ಬೇಟೆನಾಯಿಗಳಲ್ಲೇ ಮೊದಲು ಕಂಡದ್ದು, ನರಿಗಳಲ್ಲೂ ಇತ್ತು. ಅದಕ್ಕೆ ಔಷಧಿ ಬೇರೆ. ಆದ್ದರಿಂದಲೇ ಊಹೆಯ ಮೇಲೆ ಸೂಜಿ ಹಾಕುವುದರಲ್ಲಿ ಅರ್ಥ ಇಲ್ಲ. ರಕ್ತ ನೋಡಲೇಬೇಕು.

ಕರಿಯನಿಗೆ ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್ ಮಾತ್ರೆ. ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 200, ಒಟ್ಟು 28 ದಿನ. ಹಾಲಿನ ಜೊತೆ ಬೇಡ, ಅನ್ನದ ತುತ್ತಿನಲ್ಲಿ ಕೊಡಿ ಎಂದರು. ನಾಲ್ಕನೇ ದಿನಕ್ಕೇ ಎದ್ದು ಓಡಾಡಿದ. ಇಲ್ಲಿಯೇ ಬಹಳ ಜನ ಮಾತ್ರೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಮನುಷ್ಯರ ಮೈಕೈ ನೋವಿನ ಮಾತ್ರೆಯನ್ನಂತೂ ನಾಯಿಗೆ ಕೊಡಲೇಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಹೊಟ್ಟೆಯೊಳಗೆ ರಕ್ತ ಸೋರಿಸುತ್ತವೆ. ಮೊದಲೇ ರಕ್ತ ಹೆಪ್ಪುಗಟ್ಟದ ನಾಯಿಗೆ ಅದು ವಿಷವೇ.

ಕರಿಯ ಪೂರ್ತಿ ಗುಣವಾದನೆ? ಇಲ್ಲ. ಮುಂದಿನ ಮಳೆಗಾಲದಲ್ಲಿ ಮತ್ತೆ ಜ್ವರ ಬಂತು. ಹಳೆಯ ರೋಗಾಣು ಎದ್ದಿತೋ, ಹೊಸ ಉಣ್ಣೆ ಕಚ್ಚಿತೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಮನೆಯಲ್ಲೂ ಅದೇ ಮಾತು ಬಂತು, ಇನ್ನೊಂದು ಮರಿ ತರೋಣ ಅಂತ.

ನನ್ನ ವಾದ ಇರುವುದು ಇಲ್ಲೇ. ನಾಯಿ ಉಣ್ಣೆ ಮರಿಯಿಂದ ದೊಡ್ಡದಾಗುವುದರೊಳಗೆ ಮೂರು ಸಲ ನಾಯಿಯ ಮೈ ಹತ್ತಿ ರಕ್ತ ಕುಡಿದು, ಮೂರು ಸಲವೂ ಕೆಳಗೆ ಉದುರುತ್ತದೆ. ಉದುರಿದ್ದು ಗೋಡೆ ಹತ್ತಿ ಬಿರುಕು ಸೇರುತ್ತದೆ. ಒಂದು ಹೆಣ್ಣು ಸಾವಿರಕ್ಕೂ ಮೇಲೆ ಮೊಟ್ಟೆ ಇಡುತ್ತದೆ. ಆಹಾರ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಅಂದರೆ ಮೈಮೇಲೆ ಕಾಣುವ ಉಣ್ಣೆಗಿಂತ ಹೆಚ್ಚಿನದು ಕೊಟ್ಟಿಗೆಯ ಗೋಡೆಯಲ್ಲಿ, ಗೋಣಿತಾಟಿನಲ್ಲಿ ಇದೆ. ಹಳೆ ನಾಯಿ ಹೋಗಿ ಹೊಸ ಮರಿ ಬಂದರೆ ಆ ಉಣ್ಣೆಗೆ ಎಳೆ ರಕ್ತ ಸಿಕ್ಕಂತಾಯಿತು, ಅಷ್ಟೇ. ಈ ಜ್ವರಕ್ಕೆ ಲಸಿಕೆಯೂ ಇಲ್ಲ. ನಾಯಿ ಬದಲಾಯಿಸುವುದಲ್ಲ, ಗೋಡೆ ಸರಿಮಾಡಬೇಕು.

ನಾವು ಹಳೆಯ ಗೋಣಿ ಸುಟ್ಟೆವು. ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಹೊಡೆದೆವು. ಕರಿಯನ ಮೈಗೆ ಡಾಕ್ಟರು ಹೇಳಿದ ಔಷಧಿ, ಹೇಳಿದ ಅಳತೆಯಲ್ಲಿ ಮಾತ್ರ. ಬೆಳೆಗೆ ಹೊಡೆಯುವ ಔಷಧಿಯನ್ನು ನಾಯಿಗೆ ಬಳಿಯುವವರನ್ನು ನೋಡಿದ್ದೇನೆ. ಅದರಿಂದ ಉಣ್ಣೆಗಿಂತ ಮೊದಲು ನಾಯಿಯೇ ಸಾಯಬಹುದು. ಕಿವಿಯೊಳಗೆ, ಬೆರಳ ಸಂದಿನಲ್ಲಿ ದಿನಾ ಹುಡುಕಿ, ಚಿಮುಟದಿಂದ ನೇರಕ್ಕೆ ಎಳೆದು ಸೀಮೆಎಣ್ಣೆಗೆ ಹಾಕುತ್ತೇವೆ. ಕೈಯಲ್ಲಿ ಹೊಸಕುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಊಟ ಬಿಟ್ಟ ದಿನ, ಜ್ವರ, ವಸಡಿನ ಬಣ್ಣ, ಕೊಟ್ಟ ಮಾತ್ರೆ ಎಲ್ಲ ಅದರಲ್ಲಿದೆ. ಯಾವ ಡಾಕ್ಟರ ಹತ್ತಿರ ಹೋದರೂ ಕಥೆ ಮೊದಲಿಂದ ಹೇಳಬೇಕಾಗಿಲ್ಲ. ಕರಿಯ ಈಗ ಮೊದಲಿನಷ್ಟು ಓಡುವುದಿಲ್ಲ, ಆದರೆ ರಾತ್ರಿ ಕಾವಲು ಬಿಟ್ಟಿಲ್ಲ.

ಉಣ್ಣೆಯ ಕಾಟ ನಮಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಮಂಗನ ಕಾಯಿಲೆ ತಂದದ್ದು ಕಾಡಿನ ಉಣ್ಣೆ. ಸೀಮೆಹಸುವಿಗೆ ಥೈಲೇರಿಯಾ ತರುವುದೂ ಉಣ್ಣೆಯೇ. ಜಾತಿ ಬೇರೆ ಬೇರೆ, ಕಸುಬು ಒಂದೇ. ಹಸುವಿಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸುತ್ತೇವೆ, ಹಾಲಿನ ಲೆಕ್ಕ ಕಣ್ಣೆದುರು ಇರುತ್ತದೆ. ನಾಯಿ ಕಾದು ಉಳಿಸಿದ ಕಾಯಿಗೆ ಲೆಕ್ಕ ಬರೆಯುವವರಿಲ್ಲ. ಬರೆದು ನೋಡಿ, ಗೊತ್ತಾಗುತ್ತದೆ.

ಡೇರಿ ಸಂಘಗಳಲ್ಲಿ ಬರಡು ರಾಸುಗಳ ಶಿಬಿರ ಮಾಡುತ್ತಾರೆ. ಅದೇ ದಿನ ಊರಿನ ನಾಯಿಗಳದ್ದೂ ಒಂದು ತೊಟ್ಟು ರಕ್ತ ಗಾಜಿನ ಪಟ್ಟಿಯ ಮೇಲೆ ತೆಗೆದರೆ ದೊಡ್ಡ ಖರ್ಚೇನಿಲ್ಲ. ಪಟ್ಟಿಯಲ್ಲಿ ಕಾಣದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಲಿ. ಇದನ್ನು ಸಂಘದ ಸಭೆಯಲ್ಲಿ ಕೇಳಬೇಕಾದವರು ನಾವೇ. ನಿಮ್ಮ ಊರಿನಲ್ಲಿ ಕೇಳಿ, ಏನಾಯಿತು ಅಂತ ಪತ್ರಿಕೆಗೆ ಬರೆಯಿರಿ.