ಗೋಡೆ ನಮ್ಮದು, ನೆಲ ಯಾರದು?



ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದವರು ನಾವು. ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ನಿದ್ದೆ ಮಾಡಿದವರು ನಮ್ಮ ಗಿರಣಿಯ ಹಿರಿಯರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಮಹಲುಗಳೆದ್ದವು. ದುಡಿಯುವವನಿಗೆ ಮುಂಬಯಿಯಲ್ಲಿ ಜಾಗವಿಲ್ಲ, ಲೋಕಲ್ ಹತ್ತಿ ಠಾಣೆ ದಾಟು ಎಂದಾಯಿತು. ದಾಟಿದೆವು. ಈಗ ಊರಿನಿಂದ ಹೆಂಡತಿ ಮಕ್ಕಳನ್ನು ಕರೆತಂದ ನಮ್ಮ ತರುಣನು ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಒಂದು ಹಳೆಯ ಮನೆ ಕೊಳ್ಳಹೊರಟರೆ, ಅವನನ್ನು ಸುಲಿಯಲು ಕಾದು ಕುಳಿತವರೆಷ್ಟು ಮಂದಿ!

ಹಳೆಯದೇ ಏಕೆ? ಹೊಸದಕ್ಕೆ ಹಣ ಸಾಲದು, ನಂಬಿಕೆಯೂ ಉಳಿದಿಲ್ಲ. ಡೊಂಬಿವಲಿ ಪರಿಸರದ 65 ಕಟ್ಟಡಗಳ ಗತಿ ನಿಮಗೆ ತಿಳಿಯದೇ? ಪಾಲಿಕೆಯ ಪರವಾನಗಿಯನ್ನೇ ಖೋಟಾ ಮಾಡಿ, ಅದನ್ನು ತೋರಿಸಿ ಮಹಾರೇರಾ ನೋಂದಣಿ ಪಡೆದು, ಮನೆಗಳನ್ನು ಮಾರಿದರು. 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಅವನ್ನು ಕೆಡವಲು ಆಜ್ಞಾಪಿಸಿತು. "ನೋಡಿ ಕೊಳ್ಳಬೇಕಿತ್ತು" ಎಂದು ತಿಳಿದವರು ನಮಗೆ ಬುದ್ಧಿ ಹೇಳುತ್ತಾರೆ. ಸರಕಾರವೇ ನೇಮಿಸಿದ ಕಾವಲುಗಾರನ ಕಣ್ಣಿಗೆ ಬೀಳದ ಖೋಟಾ ಕಾಗದವನ್ನು, ದಿನವಿಡೀ ತಟ್ಟೆ ಲೋಟ ಎತ್ತುವವನು ಹಿಡಿಯಬೇಕಿತ್ತೇ?

ಹಾಗಾದರೆ ಹಳೆಯದು ಭದ್ರವೇ? 2015ರ ಜುಲೈ 28ರ ರಾತ್ರಿ ಠಾಕುರ್ಲಿಯ ಮಾತೃಕೃಪಾ ಕಟ್ಟಡ ಕುಸಿದು 9 ಜೀವಗಳು ಹೋದವು. ಅದು ಅಪಾಯಕಾರಿಯೆಂದು ಪಾಲಿಕೆಗೆ ಮೊದಲೇ ಗೊತ್ತಿತ್ತು. ಪಟ್ಟಿಯಲ್ಲಿ ಹೆಸರು ಬರೆದರೆ ಕಂಬ ಗಟ್ಟಿಯಾಗುವುದೇ? ಬಾಗಿಲಿಗೆ ನೋಟೀಸು ಅಂಟಿಸಿದವನು, ಬಡವನು ಮಕ್ಕಳೊಡನೆ ಹೋಗಬೇಕಾದ ಜಾಗವನ್ನೂ ತೋರಿಸಬೇಡವೇ?

ಗೋಡೆಯ ಮಾತು ಇದಾಯಿತು. ಇನ್ನು ನೆಲದ ಮಾತು. 1963ರ ಮಹಾರಾಷ್ಟ್ರ ಫ್ಲ್ಯಾಟು ಕಾಯಿದೆಯಂತೆ ಬಿಲ್ಡರನು ನೆಲವನ್ನೂ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, ಸೊಸೈಟಿ ನೋಂದಣಿಯಾದ 4 ತಿಂಗಳೊಳಗೆ. ಇದೇ ಕನ್ವೇಯನ್ಸ್. ಎಷ್ಟೋ ಬಿಲ್ಡರರು ಹಣ ಎಣಿಸಿಕೊಂಡು ಹೋದವರು ತಿರುಗಿ ನೋಡಲಿಲ್ಲ. ನಾಳೆ ಕಟ್ಟಡ ಮುದಿಯಾಗಿ ಮತ್ತೆ ಕಟ್ಟಬೇಕಾದಾಗ, "ನೆಲ ನನ್ನದು" ಎಂದು ಅವರೋ ಅವರ ಮಕ್ಕಳೋ ಬಂದು ನಿಲ್ಲುತ್ತಾರೆ. ಇಪ್ಪತ್ತು ವರ್ಷ ಕಂತು ಕಟ್ಟಿದವನ ಕೈಯಲ್ಲಿ ಉಳಿಯುವುದು ಬಿರುಕು ಬಿಟ್ಟ ನಾಲ್ಕು ಗೋಡೆ! ಬಿಲ್ಡರನು ಬಾರದಿದ್ದರೂ ಜಿಲ್ಲಾ ಉಪನಿಬಂಧಕರ ಮೂಲಕ ಡೀಮ್ಡ್ ಕನ್ವೇಯನ್ಸ್ ಪಡೆಯಬಹುದೆಂದು 2008ರಲ್ಲಿ ಕಾಯಿದೆ ತಿದ್ದಲಾಯಿತು. ಆದರೆ ಕರ್ತವ್ಯ ತಪ್ಪಿದವನು ಮನೆಯಲ್ಲಿ ಕುಳಿತಿರಲು, ಕಾಗದ ಹಿಡಿದು ಕಚೇರಿಗೆ ಅಲೆಯುವವರು ನಾವೇ. ಇದು ನ್ಯಾಯವೇ?

ತಮ್ಮಂದಿರೇ, ದಲಾಲನು ನಮ್ಮ ಊರಿನವನು, ತುಳು ಮಾತಾಡುತ್ತಾನೆ, ಕನ್ನಡ ಮಾತಾಡುತ್ತಾನೆ ಎಂದು ಮರುಳಾಗಬೇಡಿ. ದಲಾಲಿಗೆ ಊರಿಲ್ಲ. ಬಯಾನೆ ಕೊಡುವ ಮೊದಲು ಕೇಳಿ: ವಾಸಕ್ಕೆ ಪಾಲಿಕೆ ಕೊಟ್ಟ ಓ.ಸಿ. ಎಲ್ಲಿ? ಸೊಸೈಟಿಯ ಷೇರು ಪತ್ರ ಯಾರ ಹೆಸರಿನಲ್ಲಿದೆ? ಕನ್ವೇಯನ್ಸ್ ಆಗಿದೆಯೇ? 30 ವರ್ಷ ಮೀರಿದ ಕಟ್ಟಡವಾದರೆ ಇಂಜಿನಿಯರರ ಪರೀಕ್ಷಾ ವರದಿ ಎಲ್ಲಿ? ಪಾಲಿಕೆಯ ಪಟ್ಟಿಯಲ್ಲಿ "ಸಿ-1" ಎಂದಿದ್ದರೆ ಅದು ಖಾಲಿ ಮಾಡಿ ಕೆಡವಬೇಕಾದ ಕಟ್ಟಡ. ಎಷ್ಟು ಅಗ್ಗವಾದರೂ ಬೇಡ. ವರ್ಗಾವಣೆಗೆ ಸೊಸೈಟಿಯವರು ಕೇಳಬಹುದಾದ ಪ್ರೀಮಿಯಂ ಪಾಲಿಕೆಯ ಹದ್ದಿನಲ್ಲಿ ಹೆಚ್ಚೆಂದರೆ 25,000 ರೂಪಾಯಿ. "ದೇಣಿಗೆ" ಎಂಬ ಹೆಸರಿನಲ್ಲಿ ಅದಕ್ಕಿಂತ ಕೇಳಿದರೆ ಕೊಡಬೇಡಿ. ಮನೆಯನ್ನು ಹೆಂಡತಿಯ ಹೆಸರಿನಲ್ಲಿ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ ಒಂದು ರೂಪಾಯಿ ಉಳಿಯುತ್ತದೆ. ಬಯಾನೆಗೆ ಮಾರಿದ್ದು ಅವಳ ಬಳೆಯಲ್ಲವೇ? ಹೆಸರೂ ಅವಳದೇ ಇರಲಿ.

ಆದರೆ ಇವೆಲ್ಲವನ್ನೂ ಒಬ್ಬೊಬ್ಬನೇ ಮಾಡಲಾರ. ಕಾಗದಗಳು ಮರಾಠಿ ಇಂಗ್ಲಿಷಿನಲ್ಲಿವೆ. ಕಚೇರಿ ತೆರೆಯುವ ಹೊತ್ತಿಗೆ ನಮಗೆ ಡ್ಯೂಟಿ. ಆದ್ದರಿಂದ ನಮ್ಮ ಸಂಘವು ವಾರಕ್ಕೊಂದು ಸಂಜೆ, ಕಾಗದ ಓದಬಲ್ಲವರನ್ನೂ ಒಬ್ಬ ವಕೀಲರನ್ನೂ ಕೂರಿಸಿ, ಮನೆ ಕೊಳ್ಳುವವರ ಕಾಗದಗಳನ್ನು ನೋಡಬೇಕು. ಕನ್ವೇಯನ್ಸ್ ಇಲ್ಲದ ಸೊಸೈಟಿಗಳಲ್ಲಿರುವ ನಮ್ಮವರು ಮರಾಠಿ, ಗುಜರಾತಿ ನೆರೆಯವರೊಡನೆ ಕೂಡಿ ಒಟ್ಟಾಗಿ ಅರ್ಜಿ ಹಾಕಬೇಕು. ಸೂರು ಕುಸಿದರೆ ಅದು ಭಾಷೆ ಕೇಳಿ ಬೀಳುವುದಿಲ್ಲ.

ಸಂಬಳ ಕೇಳಲು ಒಂದಾದೆವು, ರಜೆ ಕೇಳಲು ಒಂದಾದೆವು. ಕಾಲೂರುವ ನೆಲ ಕೇಳಲು ಒಂದಾಗಲಾರೆವೇ?