ಅಂಗಡಿ ಹಳೆಯದಾಯಿತು ಅನ್ನುವವರಿಗೆ

"ಹಳೇ ಅಂಗಡಿ, ಬಿತ್ತು. ಅದಕ್ಕೆ ಯಾಕ್ರೀ ಇಷ್ಟು ಸಂಕಟ?" ಎಂದು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ಬಿತ್ತೇ? ಕಟ್ಟಡಗಳು ತಾವಾಗಿಯೇ ಬೀಳುವುದು ಅಪರೂಪ. ಯಾರೋ ಸಹಿ ಹಾಕುತ್ತಾರೆ, ಆಮೇಲೆ ಬೀಳುತ್ತವೆ. ಚಾಮರಾಜಪೇಟೆಯ ನಮ್ಮ ಅಂಗಡಿಯ ಮಟ್ಟಿಗೆ ಹಾಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಈ ಜಗಳ ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಮದ್ರಾಸ್ ತಾರಸಿ, ಗಾರೆ ನೆಲ, ಮುಂದೆ ಒಂದು ಜಗಲಿ. ಒಂದೊಂದಾಗಿ ತೆಗೆದು ಜೋಡಿಸುವ ಹಲಗೆ ಬಾಗಿಲು. ಅದಲುಬದಲಾಗದಿರಲಿ ಎಂದು ಹಲಗೆಗಳ ಮೇಲೆ ಅಂಕಿ ಬರೆದಿತ್ತು. ನಾನು ಹುಟ್ಟಿದ ಮರುವರ್ಷ, 1971ರಲ್ಲಿ, ನಮ್ಮ ತಂದೆ ಅದನ್ನು ದಿನಸಿ ವ್ಯಾಪಾರದ ಶೆಟ್ಟರಿಂದ ಕೊಂಡರು. ಶೆಟ್ಟರು ಮಾಲೀಕರಾಗಿದ್ದವರು ಬಾಡಿಗೆದಾರರಾಗಿ ಅಲ್ಲೇ ಉಳಿದರು. ಅವರ ನಂತರ ಪಠ್ಯಪುಸ್ತಕದ ಅಂಗಡಿ ಬಂತು. ಜೂನ್ ತಿಂಗಳಲ್ಲಿ ಬ್ರೌನ್ ಪೇಪರಿಗೆ ಸಾಲು ನಿಲ್ಲುತ್ತಿತ್ತು. ಎಂಬತ್ತರ ದಶಕದ ಕೊನೆಗೆ ವಿಡಿಯೋ ಕ್ಯಾಸೆಟ್ ಲೈಬ್ರರಿ, ತೊಂಬತ್ತರಲ್ಲಿ ಎಸ್‌ಟಿಡಿ ಬೂತು ಮತ್ತು ಜೆರಾಕ್ಸು. 2002ರಲ್ಲಿ ಬಂದವರು ಒಬ್ಬ ಹೆಂಗಸು. ರವಿಕೆ ಹೊಲಿಗೆ, ಸೀರೆಗೆ ಫಾಲ್ಸು, ಜಿಗ್‌ಜಾಗು. ಒಂದು ಮಿಷನ್ನಿನಿಂದ ಶುರು ಮಾಡಿ ನಾಲ್ಕಕ್ಕೆ ಏರಿಸಿದರು. ಮೂವರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದರು.

ಇಲ್ಲಿ ಒಂದು ಮಾತು. ಹಳೆಯ ಅಂಗಡಿಯೆಂದರೆ ಕಣ್ಣೀರು ತುಂಬಿಕೊಳ್ಳುವವರ ಗುಂಪಿಗೆ ನಾನು ಸೇರಿದವಳಲ್ಲ. ದಿನಸಿ ಹೋಗಿ ಪುಸ್ತಕ ಬಂದಾಗ, ಪುಸ್ತಕ ಹೋಗಿ ಕ್ಯಾಸೆಟ್ ಬಂದಾಗ "ಕಾಲ ಕೆಟ್ಟಿತು" ಎಂದವರಿದ್ದರು. ಕೆಟ್ಟಿರಲಿಲ್ಲ. ಕೈ ಬದಲಾಗುವುದು, ಕಸುಬು ಬದಲಾಗುವುದು ಅಂಗಡಿಗೆ ಸಹಜ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಉರಾಳರು ಆರಂಭಿಸಿದ್ದು. 1970ರಲ್ಲಿ ಅದು ಅಡಿಗರ ಕೈಗೆ ಬಂತು. ದೋಸೆಗೆ ಜನ ಇವತ್ತಿಗೂ ಕಾಯುತ್ತಾರೆ. ಮಲ್ಲೇಶ್ವರದ ಸಿಟಿಆರ್‌ಗೂ ಮಾಲೀಕರು ಬದಲಾದರು, ಬೋರ್ಡಿನ ಮೇಲೆ ಶ್ರೀ ಸಾಗರ್ ಎಂದು ಬಂತು. ಬಾಯಲ್ಲಿ ಮಾತ್ರ ಸಿಟಿಆರ್ ಎಂದೇ ಉಳಿಯಿತು. ಮಾಲೀಕ ಬದಲಾದದ್ದರಿಂದ ಇವು ಸಾಯಲಿಲ್ಲ. ಅಂಗಡಿಯನ್ನು ಅಂಗಡಿಯಾಗಿ ಮಾರಿದರೆ ಅದು ಬದುಕುತ್ತದೆ. ಸೈಟಾಗಿ ಮಾರಿದ ದಿನ ಅದರ ಕಥೆ ಮುಗಿಯುತ್ತದೆ.

ನಮ್ಮದನ್ನು ಸೈಟಾಗಿ ಮಾರಲಾಯಿತು. ತಂದೆ ಉಯಿಲು ಬರೆಯದೆ 2009ರಲ್ಲಿ ಹೋದರು, ಅಮ್ಮ 2016ರಲ್ಲಿ. 2018ರ ಒಂದು ಭಾನುವಾರ ಅಣ್ಣ ಮನೆಗೆ ಬಂದ. ಕೈಯಲ್ಲಿ ಹಕ್ಕು ಖುಲಾಸೆ ಪತ್ರ, ಜೊತೆಗೆ ಅತ್ತಿಗೆ ಕೊಟ್ಟ ರೇಷ್ಮೆ ಸೀರೆ, ಅರಿಶಿನ ಕುಂಕುಮ.

"ಬರೀ ಫಾರ್ಮಾಲಿಟಿ ಕಣೇ. ನಾಳೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹತ್ತು ನಿಮಿಷ ಬಂದು ಹೋಗು" ಅಂದ.

"ಅಂಗಡೀನ ಏನು ಮಾಡ್ತೀರ ಅಣ್ಣ?" ಎಂದು ನಾನು ಕೇಳಲಿಲ್ಲ. ಕೇಳಿದರೆ ಪಾಲಿಗೆ ಆಸೆ ಬಿದ್ದಳು ಅಂದುಕೊಂಡಾರು, ಗೌರಿ ಹಬ್ಬಕ್ಕೆ ಕರೆಯುವ ತವರು ತಪ್ಪಿಹೋದೀತು ಎಂಬ ಹೆದರಿಕೆ. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಹಕ್ಕು ಮತ್ತು ಕರ್ತವ್ಯದ ಮೇಲೆ ಐದು ಅಂಕದ ಪ್ರಶ್ನೆ ಕೇಳುತ್ತಿದ್ದವಳು, ಪತ್ರವನ್ನು ಪೂರ್ತಿ ಓದದೆ ಸಹಿ ಹಾಕಿ ಹೆಬ್ಬೆಟ್ಟು ಒತ್ತಿ ಬಂದೆ.

2019ರಲ್ಲಿ ಬಿಲ್ಡರಿಗೆ ಮಾರಾಟವಾಯಿತು. ಹೊಲಿಗೆಯವರಿಗೆ ಹದಿನೈದು ದಿನದ ನೋಟೀಸು. ಅವರು ಯಾವ ಕರಾರು ಪತ್ರವನ್ನೂ ಮಾಡಿಸಿಕೊಂಡಿರಲಿಲ್ಲ. ಹದಿನೇಳು ವರ್ಷ ತಿಂಗಳು ತಿಂಗಳು ಬಾಡಿಗೆ ಕೊಟ್ಟದ್ದೇ ಅವರ ಕರಾರು. ಹಾಗಿದ್ದಾಗ ಕಾನೂನು ಹದಿನೈದು ದಿನವನ್ನಷ್ಟೇ ಕೊಡುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ ಇರುವುದು 14 ಚದರ ಮೀಟರು ಮೀರದ ಮಳಿಗೆಗೆ, ಅಂದರೆ ಸುಮಾರು 150 ಚದರ ಅಡಿಗೆ ಮಾತ್ರ. ನಮ್ಮದು 240 ಅಡಿ. ಆಕೆ ನನ್ನ ಶಾಲೆಯ ಗೇಟಿನ ಹತ್ತಿರ ಬಂದು ನಿಂತರು. ಕೂಗಾಡಲಿಲ್ಲ. "ಮೇಡಂ, ನಿಮ್ಮ ಸಹಿನೂ ಇದೆಯಂತಲ್ಲ?" ಎಂದರು. ನಾನು ಏನು ಹೇಳಲಿ? ಇದೆ ಎಂದೆ.

ಅಣ್ಣನ ಮಾತಿನಲ್ಲೂ ನ್ಯಾಯವಿಲ್ಲದೆ ಇಲ್ಲ. ತಾರಸಿ ಸೋರುತ್ತಿತ್ತು. ಮದ್ರಾಸ್ ತಾರಸಿಯ ಕೆಲಸ ಬಲ್ಲ ಗಾರೆಯವರು ಸಿಗುವುದು ಕಷ್ಟ. ಬರುವ ಬಾಡಿಗೆ ಕಂದಾಯಕ್ಕೂ ರಿಪೇರಿಗೂ ಸಾಲದು. ಎಲ್ಲ ಸರಿ. ಬಾಡಿಗೆ ಏರಿಸಬಹುದಿತ್ತಲ್ಲ? ಆಕೆ ಕೊಡಲು ತಯಾರಿದ್ದರು, ಯಾರೂ ಕೇಳಲಿಲ್ಲ. ಮಾರಲೇಬೇಕಿದ್ದರೆ ಅಂಗಡಿ ನಡೆಸುವವರಿಗೆ ಮಾರಬಹುದಿತ್ತು, ಬೆಲೆ ತುಸು ಕಡಿಮೆ ಬರುತ್ತಿತ್ತು. ಅದೂ ಬೇಡ, ಆರು ತಿಂಗಳ ಗಡುವನ್ನಾದರೂ ಕೊಡಬಹುದಿತ್ತು. ಈ ಮೂರನ್ನೂ ಮುಂದಿಡುವ ಹಕ್ಕು ಇದ್ದದ್ದು ನನಗೆ. ಮೂರರಲ್ಲೊಂದು ಪಾಲು ನನ್ನದಾಗಿತ್ತು. ಅದನ್ನು ಒಂದು ಸೀರೆಗೆ ಕೊಟ್ಟು ಬಂದೆ.

ಈಗ ಓದುವ ತಾಯಂದಿರಿಗೆ, ಅಕ್ಕತಂಗಿಯರಿಗೆ ಹೇಳುತ್ತೇನೆ. 2023ರ ಡಿಸೆಂಬರಿನಲ್ಲಿ ಸಂಪಿಗೆ ರಸ್ತೆಯ ನ್ಯೂ ಕೃಷ್ಣಭವನ ಮುಚ್ಚಿತು. 1954ರ ಹೋಟೆಲು. ಕೊನೆಯ ದಿನಗಳಲ್ಲಿ ಎಷ್ಟು ಜನ ಹೋಗಿ ಫೋಟೋ ತೆಗೆಸಿಕೊಂಡರು! ನಾವು ಮುಚ್ಚುವಾಗ ಅಳುವುದರಲ್ಲಿ ಜಾಣೆಯರು. ಮುಚ್ಚುವ ಕಾಗದ ನಮ್ಮ ಮುಂದೆಯೇ ಬಂದಾಗ ಮಾತ್ರ ಸುಮ್ಮನಾಗುತ್ತೇವೆ. ಬಸವನಗುಡಿಯ ಸುಬ್ಬಮ್ಮನ ಅಂಗಡಿಯನ್ನು ನೆನೆಯಿರಿ. 1948ರಲ್ಲಿ ಒಬ್ಬ ವಿಧವೆ ಹಪ್ಪಳ ಸಂಡಿಗೆ ನಂಬಿ ಆರಂಭಿಸಿದ್ದು, ಇಂದಿಗೂ ಆಕೆಯ ಹೆಸರಲ್ಲೇ ಜನ ಕರೆಯುತ್ತಾರೆ. ಕೂರಲು ಒಂದು ಜಾಗ ಸಿಕ್ಕಿದರೆ ಹೆಂಗಸೊಬ್ಬಳು ಏನು ಮಾಡಬಲ್ಲಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ನಮ್ಮ ಅಂಗಡಿಯಲ್ಲೂ ಅಂಥವರೊಬ್ಬರು ಕೂತಿದ್ದರು. ನಾನು ಎಬ್ಬಿಸಿದೆ.

ಕಾನೂನು ನಮ್ಮ ಕಡೆ ಇದೆ. ಉಯಿಲಿಲ್ಲದೆ ಹೋದ ಹಿಂದೂ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಕಾಯಿದೆಯೇ ಹೇಳಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು, ಕರ್ನಾಟಕದಲ್ಲಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ 1994ರಲ್ಲಿ ಬಂತು, ದೇಶಕ್ಕೆಲ್ಲ 2005ರಲ್ಲಿ. ತಂದೆ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಆ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ಇಷ್ಟೆಲ್ಲ ಬಂದದ್ದು ಹತ್ತು ನಿಮಿಷದಲ್ಲಿ ಬಿಟ್ಟುಬರುವುದಕ್ಕಲ್ಲ.

ಅಣ್ಣನೋ ತಮ್ಮನೋ ಕಾಗದ ತಂದರೆ ಬಾಗಿಲು ಹಾಕಬೇಡಿ, ಕೂರಿಸಿ ಕಾಫಿ ಕೊಡಿ. ಕಾಗದ ಒಂದು ವಾರ ನಮ್ಮಲ್ಲೇ ಇರಲಿ ಎನ್ನಿ. ಓದಿ, ತಿಳಿದವರಿಗೆ ತೋರಿಸಿ. ಯಾರಿಗೆ ಮಾರುತ್ತೀರಿ, ಒಳಗೆ ಕೂತವರಿಗೆ ಹೇಳಿದ್ದೀರಾ, ಎಷ್ಟು ದಿನ ಕೊಡುತ್ತೀರಿ ಎಂದು ಕೇಳಿ. ಉತ್ತರ ಒಪ್ಪಿಗೆಯಾದರೆ ಸಹಿ ಹಾಕಿ, ಪಾಲು ಬೇಡವೆಂದರೆ ಬಿಟ್ಟೂಕೊಡಿ. ಕೇಳಿ ಬಿಡುವುದೇ ಬೇರೆ, ಹೆದರಿ ಬಿಡುವುದೇ ಬೇರೆ. ಕೇಳಿದ ಮಾತ್ರಕ್ಕೆ ತವರು ತಪ್ಪುವುದಾದರೆ, ಅದು ನಮ್ಮ ಸಹಿಯಿಂದಲೂ ಉಳಿಯುವಂಥದ್ದಲ್ಲ.