ಹತ್ತು ಪಿನ್ನುಗಳೂ ಒಂದು ಬಾಗಿಲೂ

‘ಆಟದೊಳಗೆ ರಾಜಕೀಯವನ್ನು ತರಬೇಡಿ’ ಎಂಬ ಉಪದೇಶವನ್ನು ನಾವೆಲ್ಲ ಕೇಳಿದ್ದೇವೆ. ಹೀಗೆ ಉಪದೇಶಿಸುವವರು ಸಾಮಾನ್ಯವಾಗಿ ಅಂಗಳದೊಳಗೆ ಆರಾಮವಾಗಿ ಕುಳಿತವರು. ಬಾಗಿಲ ಹೊರಗೆ ನಿಂತವನು ಈ ಮಾತನ್ನಾಡಿದ್ದನ್ನು ನಾನಂತೂ ಕೇಳಿಲ್ಲ. ಈ ಉಪದೇಶದ ತೂಕವನ್ನು ನೋಡಲು ಅಮೆರಿಕದ ಹತ್ತು ಪಿನ್ನಿನ ಬೌಲಿಂಗ್ ಆಟದ ಚರಿತ್ರೆ ಒಳ್ಳೆಯ ತಕ್ಕಡಿ.

ಆಟವೇನೋ ಸರಳ. ಅರವತ್ತು ಅಡಿ ಉದ್ದದ ನುಣುಪಾದ ಹಾಸು, ಅದರ ಕೊನೆಯಲ್ಲಿ ತ್ರಿಕೋನವಾಗಿ ನಿಲ್ಲಿಸಿದ ಹತ್ತು ಪಿನ್ನು, ಕೈಯಲ್ಲೊಂದು ಭಾರವಾದ ಚೆಂಡು. ಹನ್ನೆರಡು ಸಲ ಉರುಳಿಸಿ ಹನ್ನೆರಡು ಸಲವೂ ಹತ್ತನ್ನೂ ಒಂದೇಟಿಗೆ ಕೆಡವಿದರೆ 300 ಅಂಕ. ಅದರ ಮೇಲೆ ಇನ್ನಿಲ್ಲ. ಚೆಂಡಿಗೆ ಕುಲವಿಲ್ಲ, ಪಿನ್ನಿಗೆ ಬಣ್ಣದ ಅರಿವಿಲ್ಲ. ಆದರೆ ಆಟವನ್ನು ಆಳುತ್ತಿದ್ದವರಿಗೆ ಇತ್ತು. 1895ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಸಂಸ್ಥೆ ಊರಿಗೊಂದು ಬಗೆಯಾಗಿದ್ದ ನಿಯಮಗಳನ್ನು ಒಂದುಗೂಡಿಸಿತು. ಅದು ಅದರ ಪುಣ್ಯ. ಬಿಳಿಯ ಗಂಡಸರಿಗೆ ಮಾತ್ರ ಸದಸ್ಯತ್ವವೆಂಬ ನಿಬಂಧನೆಯನ್ನು 1950ರವರೆಗೂ ಬಿಡದೆ ಹಿಡಿದುಕೊಂಡಿತು. ಅದು ಅದರ ಪಾಪ. ಈ ಸಂಸ್ಥೆಯ ಮುದ್ರೆಯಿಲ್ಲದ ಅಂಕಕ್ಕೆ ಅದರ ದಾಖಲೆಯಲ್ಲಿ ಸ್ಥಾನವಿಲ್ಲ. ಸದಸ್ಯನಲ್ಲದವನಿಗೆ ಅದರ ಪಂದ್ಯಾವಳಿಯಿಲ್ಲ, ಬಹುಮಾನವೂ ಇಲ್ಲ. ಕಪ್ಪು ಆಟಗಾರರು 1939ರಲ್ಲಿ ಡೆಟ್ರಾಯಿಟಿನಲ್ಲಿ ತಮ್ಮದೇ ಸಂಘವೊಂದನ್ನು ಕಟ್ಟಿಕೊಳ್ಳಬೇಕಾಯಿತು.

ಯಂತ್ರಗಳು ಬರುವ ಮುನ್ನ ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸಲು ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಅವರಲ್ಲಿ ಕಪ್ಪು ಹುಡುಗರೂ ಇದ್ದರು. ಪಿನ್ನು ನಿಲ್ಲಿಸುವುದಕ್ಕೆ ಆ ಕೈ ಆದೀತು, ಚೆಂಡು ಹಿಡಿಯುವುದಕ್ಕೆ ಆಗದು! ಇದು ರಾಜಕೀಯವಲ್ಲವಾದರೆ ಮತ್ತೇನು?

‘ಕಾಲ ಬಂದಾಗ ಎಲ್ಲ ತಾನಾಗಿ ಸರಿಹೋಗುತ್ತದೆ’ ಎನ್ನುವವರೂ ಇದ್ದಾರೆ. 1950ರಲ್ಲಿ ಆ ನಿಬಂಧನೆ ಹೋದದ್ದು ತಾನಾಗಿ ಅಲ್ಲ. ಮೋಟಾರು ಕಾರ್ಮಿಕರ ಸಂಘ ಪಟ್ಟುಹಿಡಿಯಿತು; ಇಲಿನಾಯ್ ರಾಜ್ಯದ ನ್ಯಾಯಾಲಯ ದಂಡ ಹಾಕಿತು. ಆಗ ಬಾಗಿಲು ತೆರೆಯಿತು. ಮನಸ್ಸಾಕ್ಷಿ ಎಚ್ಚರಗೊಂಡಿದ್ದರೆ ಸಂತೋಷವೇ. ಆದರೆ ಅದನ್ನು ಎಚ್ಚರಿಸಿದ್ದು ಬಾಗಿಲು ಬಡಿದ ಸದ್ದು.

1958ರಲ್ಲಿ ವೃತ್ತಿಪರ ಬೌಲರುಗಳ ಸಂಘ 33 ಮಂದಿ ಸದಸ್ಯರೊಡನೆ ಹುಟ್ಟಿತು. ಟೆಲಿವಿಷನ್ ಬಂತು, ಹಣ ಬಂತು. 1964ರಲ್ಲಿ ಡಾನ್ ಕಾರ್ಟರ್ ಎಂಬ ಆಟಗಾರ ಚೆಂಡು ತಯಾರಿಸುವ ಕಂಪನಿಯೊಂದರೊಡನೆ ಹತ್ತು ಲಕ್ಷ ಡಾಲರಿನ ಕರಾರು ಮಾಡಿಕೊಂಡ. ಅದೇ ವರ್ಷ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದ ಕೂಡದೆಂಬ ನಾಗರಿಕ ಹಕ್ಕುಗಳ ಕಾನೂನೂ ಬಂತು. ಆದರೆ ದಕ್ಷಿಣ ಕೆರೊಲಿನದ ಆರೆಂಜ್‌ಬರ್ಗ್ ಊರಿನ ಬೌಲಿಂಗ್ ಮಂದಿರದ ಬಾಗಿಲವರೆಗೆ ಅದು ತಲಪಲಿಲ್ಲ. ‘ಇದು ನನ್ನ ಖಾಸಗಿ ಸ್ವತ್ತು, ಆ ಕಾನೂನು ನನಗೆ ಅನ್ವಯಿಸದು’ ಎಂಬುದು ಮಾಲೀಕನ ವಾದ. 1968ರ ಫೆಬ್ರವರಿಯಲ್ಲಿ ಅಲ್ಲಿನ ಕಪ್ಪು ವಿದ್ಯಾರ್ಥಿಗಳು ಒಳಗೆ ಹೋಗಿ ಆಟ ಕೇಳಿದರು. ಬಂಧನವಾಯಿತು, ಲಾಠಿಯೇಟು ಬಿತ್ತು. 8ನೆಯ ತಾರೀಖಿನ ರಾತ್ರಿ ಅವರ ಕಾಲೇಜಿನ ಆವರಣದಲ್ಲಿಯೇ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಅವರಲ್ಲೊಬ್ಬ ಇನ್ನೂ ಹೈಸ್ಕೂಲಿನ ಹುಡುಗ. ಗಾಯಗೊಂಡವರು 25ಕ್ಕೂ ಹೆಚ್ಚು. ಅನೇಕರಿಗೆ ಗುಂಡು ತಗುಲಿದ್ದು ಬೆನ್ನ ಕಡೆಯಿಂದ. ವಿಚಾರಣೆಗೆ ನಿಂತ ಒಂಬತ್ತು ಪೊಲೀಸರೂ ಬಿಡುಗಡೆಯಾದರು. ಸೆರೆಮನೆ ಸೇರಿದವನು ಗಾಯಗೊಂಡಿದ್ದ ಚಳವಳಿಗಾರ ಕ್ಲೀವ್‌ಲೆಂಡ್ ಸೆಲ್ಲರ್ಸ್. ಆತನಿಗೆ ಕ್ಷಮಾದಾನ ಸಿಕ್ಕಿದ್ದು 1993ರಲ್ಲಿ.

ಖಾಸಗಿ ಸ್ವತ್ತಿನ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನನ್ನ ಮನೆಗೆ ಯಾರು ಬರಬೇಕೆಂಬುದು ನನ್ನ ಇಷ್ಟ. ಆದರೆ ಬೀದಿಗೆ ಬಾಗಿಲಿಟ್ಟು, ಬೋರ್ಡು ತೂಗುಹಾಕಿ, ಕಾಸು ಕೊಟ್ಟವರನ್ನೆಲ್ಲ ಬನ್ನಿ ಎಂದು ಕರೆಯುವವನು, ಒಬ್ಬನ ಮುಖ ನೋಡಿದೊಡನೆ ‘ಇದು ನನ್ನ ಮನೆ’ ಎಂದರೆ ಅದು ಸ್ವತ್ತಿನ ಹಕ್ಕಲ್ಲ, ಅವಮಾನ ಮಾಡುವ ಹಕ್ಕು. ಗುಂಡಿನ ದಾಳಿಯಾದ ಎರಡೇ ವಾರಗಳಲ್ಲಿ ಫೆಡರಲ್ ನ್ಯಾಯಾಲಯ ಬಾಗಿಲು ತೆರೆಯೆಂದು ಆಜ್ಞೆ ಮಾಡಿತು. ಅದೇ ಆಜ್ಞೆ ಎರಡು ವಾರ ಮೊದಲು ಬಂದಿದ್ದರೆ!

ವೃತ್ತಿಪರರ ಪಂದ್ಯಾವಳಿಯೊಂದನ್ನು ಕಪ್ಪು ಆಟಗಾರನೊಬ್ಬ, ಜಾರ್ಜ್ ಬ್ರಾನಮ್, ಮೊದಲ ಬಾರಿಗೆ ಗೆದ್ದದ್ದು 1986ರಲ್ಲಿ. ನಿಬಂಧನೆ ಹೋದ 36 ವರ್ಷಕ್ಕೆ. ‘ಅಷ್ಟು ದಿನ ಸಾಮರ್ಥ್ಯವಿದ್ದವರು ಇರಲಿಲ್ಲ’ ಎನ್ನುವಿರಾ? ಈಜು ಕಲಿಯಲು ಬಾವಿಗೇ ಇಳಿಯಗೊಡದೆ, ಈಜು ಬಾರದವನೆಂದು ನಗುವ ಜಾಣತನವಿದು.

ಇದೆಲ್ಲ ಅಮೆರಿಕದ ರೋಗವೆಂದು ನಾವು ನಿಟ್ಟುಸಿರಿಟ್ಟು ಪತ್ರಿಕೆ ಮಡಿಚುವ ಹಾಗಿಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಪುಣೆಯ ಕ್ರಿಕೆಟ್ ಮೈದಾನದಲ್ಲಿ ಹಿಂದೂಗಳಿಗಾಗಿ ಬೌಲ್ ಮಾಡಬಹುದಿತ್ತು. ಚಹಾದ ಹೊತ್ತಿಗೆ ಮಾತ್ರ ಪೆವಿಲಿಯನ್ನಿನ ಹೊರಗೆ ನಿಂತು ಮಣ್ಣಿನ ಲೋಟದಲ್ಲಿ ಕುಡಿಯಬೇಕಿತ್ತು. ಕೈ ಬೇಕು, ಮನುಷ್ಯ ಬೇಡ ಎಂಬ ಲೆಕ್ಕ ಎರಡು ಕಡೆಯೂ ಒಂದೇ.

ಆದ್ದರಿಂದ ಆಟದೊಳಗೆ ರಾಜಕೀಯ ಬೇಡವೆನ್ನುವ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟೇ: ಮೊದಲು ಬಾಗಿಲಲ್ಲಿ ಕಾವಲು ನಿಂತಿರುವುದು ಏನೆಂದು ನೋಡಿ ಬನ್ನಿ. ಆಮೇಲೆ ಆಡೋಣ.